ಬ್ಯಾಟರಿಗೂ ಒಂದು ಲ್ಯಾಕ್ಟೋಮೀಟರ್
ಸಂಘದ ಬ್ಯಾಟರಿಗೆ ವೋಲ್ಟ್ ಮೀಟರ್ ಅಳವಡಿಸುವ ಮತ್ತು ಓದುವ ಕ್ರಮ



ನಮ್ಮ ಸಂಘಗಳಲ್ಲಿ ಹಾಲಿನ ತೂಕ, ಫ್ಯಾಟ್, ಎಸ್.ಎನ್.ಎಫ್. ಎಲ್ಲವೂ ಈಗ ವಿದ್ಯುತ್ ಯಂತ್ರಗಳಿಂದಲೇ ನಡೆಯುತ್ತವೆ. ಕರೆಂಟ್ ಹೋದಾಗ ಈ ಯಂತ್ರಗಳನ್ನು ನಡೆಸುವುದು ಮೂಲೆಯಲ್ಲಿ ಕುಳಿತ ಒಂದು ಬ್ಯಾಟರಿ. ಯಂತ್ರದ ಮೇಲೆ ಎಲ್ಲರ ಕಣ್ಣು ಇರುತ್ತದೆ, ಬ್ಯಾಟರಿಯ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಅದು ಕೈಕೊಟ್ಟ ದಿನವೇ ಅದರ ನೆನಪಾಗುತ್ತದೆ.

ಆ ದಿನ ಏನಾಗುತ್ತದೆ ಎಂಬುದು ನಿಮಗೆ ತಿಳಿದ ವಿಷಯವೇ. ಸಾಲು ನಿಲ್ಲುತ್ತದೆ. ಪರೀಕ್ಷಾ ಯಂತ್ರ ಆರಿಹೋಗಿ ಮತ್ತೆ ಹೊತ್ತಿಕೊಂಡರೂ ಸಿದ್ಧವಾಗಲು ಕೆಲವು ನಿಮಿಷ ಬೇಕು. ಕೊನೆಗೆ ಬೇರೆ ದಾರಿ ಕಾಣದೆ ನಿನ್ನೆಯ ಫ್ಯಾಟನ್ನೇ ಇಂದಿಗೂ ಬರೆದುಕೊಂಡರೆ, ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ಕೊಟ್ಟು ಒಳ್ಳೆಯ ಹಾಲು ತಂದವರಿಗೆ ಆ ದಿನದ ನ್ಯಾಯವಾದ ಬೆಲೆ ಸಿಗುವುದಿಲ್ಲ. ಕ್ಯಾನಿನಲ್ಲಿ ನಿಂತ ಹಾಲಿನ ಗತಿ ಇನ್ನೊಂದು. ಅನುಕೂಲವಾದ ಬಿಸಿಯಲ್ಲಿ ಕೆಲವು ಬಗೆಯ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಹಾಗಾದರೆ ಒಂದು ಇದ್ದದ್ದು ಮೂರು ಗಂಟೆಯಲ್ಲಿ 64 ಆಗುತ್ತದೆ. ಹುಳಿಯಾದ ಹಾಲಿನ ನಷ್ಟ ಕೊನೆಗೆ ಸದಸ್ಯರ ತಲೆಯ ಮೇಲೆಯೇ ಬೀಳುತ್ತದೆ.

ಆದರೆ ಬ್ಯಾಟರಿ ಸಾಮಾನ್ಯವಾಗಿ ಒಂದೇ ದಿನದಲ್ಲಿ ಸಾಯುವುದಿಲ್ಲ. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಮೊದಲೇ ಅದು ಸೂಚನೆ ಕೊಡುತ್ತದೆ. ಆ ಸೂಚನೆಯನ್ನು ತೋರಿಸುವ ಸಾಧನವೇ ವೋಲ್ಟ್ ಮೀಟರ್. ಕೆಲವು ನೂರು ರೂಪಾಯಿಯೊಳಗೆ ಮುಗಿಯುವ ಈ ಸಾಧನವನ್ನು ಹೇಗೆ ಆರಿಸಬೇಕು, ಹೇಗೆ ಜೋಡಿಸಬೇಕು, ಹೇಗೆ ಓದಬೇಕು ಎಂಬುದೇ ಈ ಸಂಚಿಕೆಯ ಪಾಠ.

1. ಬ್ಯಾಟರಿಯ ಒಳಗೆ ಏನಿದೆ?

ಸಂಘಗಳಲ್ಲಿ ಹೆಚ್ಚಾಗಿ ಇರುವುದು ಸೀಸ ಮತ್ತು ಆಮ್ಲದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದರು. 12 ವೋಲ್ಟಿನ ಬ್ಯಾಟರಿಯೊಳಗೆ ಆರು ಕೋಣೆಗಳಿರುತ್ತವೆ. ಒಂದೊಂದು ಕೋಣೆಗೂ ಸೆಲ್ ಎಂದು ಹೆಸರು. ತುಂಬಿದ ಒಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಸೆಲ್ ಸೇರಿ ಸುಮಾರು 12.6 ವೋಲ್ಟ್ ಆಗುತ್ತದೆ. ಆದುದರಿಂದ 12 ವೋಲ್ಟ್ ಎಂದು ಬರೆದ ಬ್ಯಾಟರಿಯಲ್ಲಿ ಮೀಟರ್ ಸರಿಯಾಗಿ 12.0 ತೋರಿಸಿದರೆ ಅದು ತುಂಬಿದೆ ಎಂದು ತಿಳಿಯಬೇಡಿ. ಅದು ಮುಕ್ಕಾಲು ಪಾಲು ಖಾಲಿಯಾಗಿದೆ.

ಮೂರು ಪದಗಳನ್ನು ಮನಸ್ಸಿನಲ್ಲಿಡಿ. ಊರಿನ ನೀರಿನ ಟ್ಯಾಂಕನ್ನು ನೆನೆದುಕೊಂಡರೆ ಸುಲಭ. ಟ್ಯಾಂಕಿನಲ್ಲಿ ನೀರು ಎಷ್ಟು ಎತ್ತರದಲ್ಲಿದೆ, ಎಷ್ಟು ಒತ್ತಡದಿಂದ ಬರುತ್ತದೆ ಎಂಬುದು ವೋಲ್ಟ್. ನಲ್ಲಿಯಲ್ಲಿ ಎಷ್ಟು ರಭಸವಾಗಿ ನೀರು ಹರಿಯುತ್ತಿದೆ ಎಂಬುದು ಆಂಪಿಯರ್. ಟ್ಯಾಂಕು ಒಟ್ಟು ಎಷ್ಟು ನೀರು ಹಿಡಿಯುತ್ತದೆ ಎಂಬುದು ಆಂಪಿಯರ್ ಅವರ್. ಬ್ಯಾಟರಿಯ ಮೇಲೆ 150 ಎ.ಹೆಚ್. ಎಂದು ಬರೆದಿರುವುದು ಈ ಮೂರನೆಯದು. ಬ್ಯಾಟರಿ ಹಳೆಯದಾದಂತೆ ಟ್ಯಾಂಕಿನ ತಳದಲ್ಲಿ ಹೂಳು ತುಂಬಿದ ಹಾಗೆ ಅದರ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ. ಹೊರಗೆ ಬರೆದ ಅಕ್ಷರ ಮಾತ್ರ 150 ಎಂದೇ ಇರುತ್ತದೆ.

ಒಂದು ಲೆಕ್ಕ ನೋಡೋಣ. ಪರೀಕ್ಷಾ ಯಂತ್ರ, ತೂಕದ ಯಂತ್ರ, ಕಂಪ್ಯೂಟರ್, ಪ್ರಿಂಟರ್, ಒಂದು ದೀಪ ಸೇರಿ 120 ವ್ಯಾಟ್ ಆಗುತ್ತದೆ ಎಂದುಕೊಳ್ಳಿ. 120ನ್ನು 12ರಿಂದ ಭಾಗಿಸಿದರೆ 10 ಆಂಪಿಯರ್. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿ 12 ಎನ್ನಿ. ಎರಡು ಗಂಟೆಯ ಹಾಲು ಸಂಗ್ರಹಣೆಗೆ 24 ಆಂಪಿಯರ್ ಅವರ್ ಬೇಕು. 150ರ ಹೊಸ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ ಸುಮಾರು ಆರು ಗಂಟೆ ನಡೆಯಬೇಕು. ನಿಮ್ಮ ಸಂಘದಲ್ಲಿ ಮುಕ್ಕಾಲು ಗಂಟೆಗೇ ಆರಿಹೋಗುತ್ತಿದ್ದರೆ ದೋಷ ಎಲ್ಲೋ ಇದೆ ಎಂದು ಅರ್ಥ.

2. ಲ್ಯಾಕ್ಟೋಮೀಟರಿನ ಹೋಲಿಕೆ

ಹಾಲಿನ ಸಾಂದ್ರತೆ ತಿಳಿಯಲು ಲ್ಯಾಕ್ಟೋಮೀಟರ್ ತೇಲಿಬಿಡುವುದನ್ನು ನೀವೆಲ್ಲ ನೋಡಿದ್ದೀರಿ. 28 ಎಂದರೆ 1.028 ಸಾಂದ್ರತೆ. ಬ್ಯಾಟರಿ ಮೆಕ್ಯಾನಿಕ್ ಬಳಸುವ ಹೈಡ್ರೋಮೀಟರ್ ಕೂಡ ಇದೇ ಜಾತಿಯದು. ಅದು ಬ್ಯಾಟರಿಯ ಆಮ್ಲದ ಸಾಂದ್ರತೆಯನ್ನು ತೋರಿಸುತ್ತದೆ. ಬ್ಯಾಟರಿ ತುಂಬಿದಾಗ ಆಮ್ಲ ಗಟ್ಟಿ, ಖಾಲಿಯಾದಂತೆ ನೀರಾಗುತ್ತದೆ. ಆಮ್ಲದ ಸಾಂದ್ರತೆಗೂ ವೋಲ್ಟಿಗೂ ನೇರವಾದ ಸಂಬಂಧವಿದೆ. ಸಾಂದ್ರತೆಗೆ 0.84 ಕೂಡಿಸಿದರೆ ಒಂದು ಸೆಲ್ಲಿನ ವೋಲ್ಟ್ ಸುಮಾರಾಗಿ ಸಿಗುತ್ತದೆ. 1.240 ಇದ್ದರೆ 2.08, ಆರು ಸೆಲ್ಲಿಗೆ ಸುಮಾರು 12.5. ಹೀಗೆ, ಮುಚ್ಚಳ ತೆಗೆಯದೆ, ಆಮ್ಲ ಮುಟ್ಟದೆ, ಹೊರಗಿನಿಂದಲೇ ಬ್ಯಾಟರಿಯ ಸ್ಥಿತಿ ತಿಳಿಸುವ ಲ್ಯಾಕ್ಟೋಮೀಟರೇ ವೋಲ್ಟ್ ಮೀಟರ್.

ಲ್ಯಾಕ್ಟೋಮೀಟರಿನ ಎರಡು ನಿಯಮಗಳು ಇಲ್ಲಿಯೂ ಅನ್ವಯಿಸುತ್ತವೆ.

ಮೊದಲನೆಯದು: ಆಗತಾನೇ ಕರೆದ ನೊರೆಹಾಲಿಗೆ ಲ್ಯಾಕ್ಟೋಮೀಟರ್ ಹಾಕಿದರೆ ಸರಿಯಾದ ರೀಡಿಂಗ್ ಬರುವುದಿಲ್ಲ, ಹಾಲು ನಿಲ್ಲಬೇಕು. ಹಾಗೆಯೇ ಚಾರ್ಜ್ ಆಗುತ್ತಿರುವ ಅಥವಾ ಆಗತಾನೇ ಚಾರ್ಜ್ ನಿಂತ ಬ್ಯಾಟರಿ ಇರುವುದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತದೆ. ನಿಜವಾದ ಸ್ಥಿತಿ ತಿಳಿಯಲು ಅದು ಕೆಲವು ಗಂಟೆ ವಿಶ್ರಾಂತಿಯಲ್ಲಿರಬೇಕು.

ಎರಡನೆಯದು: ಕೆನೆ ತೆಗೆದು ನೀರು ಬೆರೆಸಿದ ಹಾಲು ಲ್ಯಾಕ್ಟೋಮೀಟರಿಗೆ ಮೋಸ ಮಾಡಬಲ್ಲದು. ಅದಕ್ಕೇ ಫ್ಯಾಟ್ ಪರೀಕ್ಷೆಯೂ ಬೇಕು. ಹಾಗೆಯೇ ಹಳೆಯ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ತೋರಿಸಿ ನಿಮಗೆ ಮೋಸ ಮಾಡಬಲ್ಲದು. ಕೆಲಸ ಕೊಟ್ಟಾಗ ಎಷ್ಟು ಇಳಿಯುತ್ತದೆ ಎಂಬುದನ್ನೂ ನೋಡಲೇಬೇಕು.

3. ಯಾವ ಮೀಟರ್ ಕೊಳ್ಳಬೇಕು?

ಅಂಗಡಿಯಲ್ಲಿ ಕೇಳುವಾಗ ಈ ಅಂಶಗಳನ್ನು ಗಮನಿಸಿ.

ಅ) ಡಿ.ಸಿ. ವೋಲ್ಟ್ ಮೀಟರ್ ಎಂದೇ ಕೇಳಿ. ಗೋಡೆಯ ಬೋರ್ಡಿಗೆ ಹಾಕುವ 0ಯಿಂದ 300 ವೋಲ್ಟಿನ ಎ.ಸಿ. ಮೀಟರ್ ಬ್ಯಾಟರಿಗೆ ಬರುವುದಿಲ್ಲ.

ಆ) ಅಂಕಿ ತೋರಿಸುವ ಡಿಜಿಟಲ್ ಮೀಟರ್ ಇರಲಿ. ದಶಮಾಂಶದ ನಂತರ ಒಂದು ಅಂಕಿಯಾದರೂ ಬೇಕು, ಎರಡಿದ್ದರೆ ಒಳ್ಳೆಯದು. ತುಂಬಿದ ಬ್ಯಾಟರಿಗೂ ಅರ್ಧ ಖಾಲಿಯಾದ ಬ್ಯಾಟರಿಗೂ ಇರುವ ವ್ಯತ್ಯಾಸ 0.4 ವೋಲ್ಟ್ ಮಾತ್ರ. ಮುಳ್ಳು ತಿರುಗುವ ಸಣ್ಣ ಮೀಟರಿನಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ.

ಇ) 30 ವೋಲ್ಟಿನವರೆಗೆ ಅಳೆಯುವುದನ್ನು ಕೊಂಡರೆ 12 ವೋಲ್ಟಿಗೂ, ಎರಡು ಬ್ಯಾಟರಿ ಸೇರಿಸಿದ 24 ವೋಲ್ಟಿಗೂ ಆಗುತ್ತದೆ.

ಈ) ಎರಡು ತಂತಿಯ ಮೀಟರ್ ಸಾಕು. ಅದು ಅಳೆಯುವ ಬ್ಯಾಟರಿಯಿಂದಲೇ ತನ್ನ ಕರೆಂಟನ್ನೂ ತೆಗೆದುಕೊಳ್ಳುತ್ತದೆ.

ಜೊತೆಗೆ ಬೇಕಾದವು: 1 ಆಂಪಿಯರ್ ಫ್ಯೂಸ್ ಮತ್ತು ಅದರ ಹೋಲ್ಡರ್, ಕಾಲಿಂಗ್ ಬೆಲ್‌ಗೆ ಹಾಕುವಂತಹ ಒತ್ತುವ ಸ್ವಿಚ್ ಒಂದು, ಕೆಂಪು ಮತ್ತು ಕಪ್ಪು ಬಣ್ಣದ 1 ಚದರ ಮಿಲಿಮೀಟರ್ ತಂತಿ, ಬ್ಯಾಟರಿ ಬೋಲ್ಟಿಗೆ ಹೊಂದುವ ಎರಡು ಲಗ್, ಇನ್ಸುಲೇಶನ್ ಟೇಪು, ಸ್ವಲ್ಪ ವ್ಯಾಸಲೀನ್, ಮೀಟರ್ ಕೂರಿಸಲು ಒಂದು ಪ್ಲಾಸ್ಟಿಕ್ ಪೆಟ್ಟಿಗೆ.

ಒತ್ತುವ ಸ್ವಿಚ್ ಏಕೆ ಬೇಕು ಎಂದು ನೀವು ಕೇಳಬಹುದು. ಮೀಟರ್ ಸದಾ ಹೊತ್ತಿಕೊಂಡಿದ್ದರೆ ಅದೂ ಬ್ಯಾಟರಿಯನ್ನು ಕುಡಿಯುತ್ತದೆ. 20 ಮಿಲಿ ಆಂಪಿಯರ್ ಎಂದು ಹಿಡಿದರೆ ದಿನಕ್ಕೆ 0.48, ತಿಂಗಳಿಗೆ 14.4 ಆಂಪಿಯರ್ ಅವರ್ ಆಗುತ್ತದೆ. ದಿನವೂ ಚಾರ್ಜ್ ಆಗುವ ದೊಡ್ಡ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಸುಮ್ಮನೆ ನಿಂತಿರುವ 80 ಎ.ಹೆಚ್. ಜನರೇಟರ್ ಬ್ಯಾಟರಿಗೆ ಇದು ಐದನೇ ಒಂದು ಭಾಗಕ್ಕೆ ಹತ್ತಿರ. ಕಾವಲಿಗೆ ಇಟ್ಟವನೇ ಕಣಜ ಖಾಲಿ ಮಾಡಬಾರದಲ್ಲವೇ? ಒತ್ತಿದಾಗ ಮಾತ್ರ ಹೊತ್ತುವ ಹಾಗೆ ಮಾಡಿದರೆ ಈ ತೊಂದರೆ ಇಲ್ಲ.

4. ಕೆಲಸಕ್ಕೆ ಮೊದಲು ಎಚ್ಚರಿಕೆ

ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ಗರ್ಬರ್ ಫ್ಯಾಟ್ ಪರೀಕ್ಷೆಗೆ ಬಳಸುವ ಆಮ್ಲವೂ ಇದೇ. ಪರೀಕ್ಷೆಯ ಆಮ್ಲ ಬಹಳ ಗಟ್ಟಿ, ಬ್ಯಾಟರಿಯದರಲ್ಲಿ ಆಮ್ಲ ಮೂರನೇ ಒಂದು ಭಾಗದಷ್ಟು, ಉಳಿದದ್ದು ನೀರು. ಎರಡೂ ಕಣ್ಣಿಗೆ, ಚರ್ಮಕ್ಕೆ ಅಪಾಯ. ತಗುಲಿದರೆ ತಕ್ಷಣ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದ ಮೇಲೆ ವೈದ್ಯರ ಬಳಿಗೆ ಹೋಗಲೇಬೇಕು. ಸಂಘದಲ್ಲಿ ಆಮ್ಲದ ಬಾಟಲಿ ಇದೆ ಎಂದು ಅದನ್ನು ಎಂದೂ ಬ್ಯಾಟರಿಗೆ ಸುರಿಯಬೇಡಿ. ಮಟ್ಟ ಇಳಿದಾಗ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಕೊಳವೆ ಬಾವಿಯ ನೀರೂ ಬೇಡ, ಅದರ ಲವಣಗಳು ಪ್ಲೇಟುಗಳನ್ನು ಹಾಳುಮಾಡುತ್ತವೆ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಸೇರಿದರೆ ಒಂದು ಕಿಡಿಯಿಂದಲೇ ಹತ್ತಿಕೊಳ್ಳಬಲ್ಲದು. ಹತ್ತಿರ ಬೀಡಿ, ಬೆಂಕಿಕಡ್ಡಿ, ಊದುಬತ್ತಿ ಬೇಡ. ಆಯುಧಪೂಜೆಯ ದಿನವೂ ಆರತಿಯನ್ನು ದೂರದಿಂದಲೇ ಬೆಳಗಿ. ಬ್ಯಾಟರಿ ಇರುವ ಕೋಣೆಗೆ ಗಾಳಿ ಆಡಬೇಕು.

ಕೈಯ ಉಂಗುರ, ಕಡಗ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿ. ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯುತ್ತದೆ.

ಇನ್ವರ್ಟರಿನ ಪೆಟ್ಟಿಗೆಯನ್ನು ಬಿಚ್ಚಬೇಡಿ. ಬ್ಯಾಟರಿ ಕಡೆ 12 ವೋಲ್ಟ್ ಇದ್ದರೂ ಹೊರಬರುವ ಕಡೆ 230 ವೋಲ್ಟ್ ಇರುತ್ತದೆ, ಪ್ರಾಣಾಪಾಯ. ಯಂತ್ರಗಳು ವಾರಂಟಿಯಲ್ಲಿ ಅಥವಾ ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಇದ್ದರೆ ಮೊದಲು ಅವರಿಗೆ ತಿಳಿಸಿ. ಕೆಲಸ ತಿಳಿದ ಎಲೆಕ್ಟ್ರಿಷಿಯನ್ ಒಬ್ಬರು ಜೊತೆಗಿದ್ದರೆ ಉತ್ತಮ.

5. ಅಳವಡಿಸುವ ಕ್ರಮ

ಬೆಳಗಿನ ಸಂಗ್ರಹಣೆ ಮುಗಿದ ಮೇಲೆ ಕೆಲಸ ಹಿಡಿಯಿರಿ. ಸಂಜೆಯ ಹಾಲಿಗೆ ಮುಂಚೆ ಮುಗಿದಿರುತ್ತದೆ.

(1) ಇನ್ವರ್ಟರ್ ಆರಿಸಿ, ಅದರ ಪ್ಲಗ್ ಕಿತ್ತಿಡಿ. ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆ ಬಿಡಿ.

(2) ಮೀಟರ್ ಪೆಟ್ಟಿಗೆಯನ್ನು ಕಾರ್ಯದರ್ಶಿಗಳ ಮೇಜಿನಿಂದ ಕಾಣುವಂತೆ, ಕಣ್ಣಿನ ಎತ್ತರದಲ್ಲಿ ಗೋಡೆಗೆ ಕೂರಿಸಿ. ಬ್ಯಾಟರಿಯ ನೇರ ಮೇಲೆ ಬೇಡ, ಆಮ್ಲದ ಆವಿ ಮೀಟರನ್ನು ತಿನ್ನುತ್ತದೆ. ಹಾಲಿನ ಕ್ಯಾನು ತೊಳೆಯುವ ನೀರು ಸಿಡಿಯದ ಜಾಗ ಇರಲಿ.

(3) ಕೆಂಪು ತಂತಿಯ ಒಂದು ತುದಿಗೆ ಲಗ್ ಹಾಕಿ. ಆ ಲಗ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಹೋಲ್ಡರ್ ಇರಬೇಕು. ಫ್ಯೂಸ್ ಮೀಟರಿನ ಹತ್ತಿರವಲ್ಲ, ಬ್ಯಾಟರಿಯ ಹತ್ತಿರ ಇರಬೇಕು ಎಂಬುದನ್ನು ಮರೆಯಬೇಡಿ. ದಾರಿಯಲ್ಲಿ ಎಲ್ಲಿಯಾದರೂ ಇಲಿ ತಂತಿ ಕಡಿದು ಶಾರ್ಟ್ ಆದರೆ ಫ್ಯೂಸ್ ಹೋಗುತ್ತದೆ, ತಂತಿ ಹೊತ್ತಿಕೊಳ್ಳುವುದಿಲ್ಲ. ಸದ್ಯಕ್ಕೆ ಫ್ಯೂಸ್ ಹಾಕಬೇಡಿ.

(4) ಫ್ಯೂಸಿನಿಂದ ಬಂದ ಕೆಂಪು ತಂತಿ ಒತ್ತುವ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮೀಟರಿನ ಕೆಂಪು ತಂತಿಗೆ. ಮೀಟರಿನ ಕಪ್ಪು ತಂತಿ ನೇರವಾಗಿ ಬ್ಯಾಟರಿಯ ಮೈನಸ್ ಕಡೆಗೆ.

(5) ಬ್ಯಾಟರಿಯಲ್ಲಿ ಮೊದಲು ಮೈನಸ್ ನಟ್ ಬಿಚ್ಚಿ, ಆಮೇಲೆ ಪ್ಲಸ್. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆ ನೀರು ಸೆಲ್ಲಿನೊಳಗೆ ಒಂದು ಹನಿಯೂ ಹೋಗಬಾರದು.

(6) ಜೋಡಿಸುವಾಗ ಮೊದಲು ಪ್ಲಸ್: ಇನ್ವರ್ಟರಿನ ದಪ್ಪ ತಂತಿಯ ಮೇಲೆ ಮೀಟರಿನ ಕೆಂಪು ಲಗ್ ಇಟ್ಟು ಬಿಗಿಯಿರಿ. ಆಮೇಲೆ ಮೈನಸ್: ದಪ್ಪ ತಂತಿ ಮತ್ತು ಕಪ್ಪು ಲಗ್. ಆ ಹೊತ್ತಿನಲ್ಲಿ ಇನ್ವರ್ಟರಿನಿಂದ ಸಣ್ಣ ಕಿಡಿ ಬರುವುದುಂಟು. ಅದಕ್ಕಾಗಿಯೇ ಮೊದಲು ಗಾಳಿ ಆಡಲು ಬಿಟ್ಟದ್ದು.

(7) ಮೀಟರಿನ ಎರಡೂ ತಂತಿಗಳು ಬ್ಯಾಟರಿಯ ಟರ್ಮಿನಲ್ಲಿಗೇ ಬರಬೇಕು. ಹತ್ತಿರ ಇದೆ ಎಂದು ಇನ್ವರ್ಟರಿನ ಕಡೆಯ ತುದಿಗೆ ಕೊಟ್ಟರೆ, ದಪ್ಪ ತಂತಿಯಲ್ಲಿ ಆಗುವ ಇಳಿತವೂ ಲೆಕ್ಕಕ್ಕೆ ಸೇರಿ ರೀಡಿಂಗ್ ತಪ್ಪಾಗುತ್ತದೆ.

(8) ಟರ್ಮಿನಲ್ಲಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ. ಈಗ ಫ್ಯೂಸ್ ಹಾಕಿ, ಸ್ವಿಚ್ ಒತ್ತಿ ನೋಡಿ. ಎಲೆಕ್ಟ್ರಿಷಿಯನ್ನರ ಮಲ್ಟಿಮೀಟರನ್ನು ಟರ್ಮಿನಲ್ಲಿಗೇ ಇಟ್ಟು ಎರಡನ್ನೂ ಹೋಲಿಸಿ. ವ್ಯತ್ಯಾಸವಿದ್ದರೆ ಎಷ್ಟು ಎಂದು ಮೀಟರಿನ ಪಕ್ಕದಲ್ಲಿ ಚೀಟಿ ಅಂಟಿಸಿ. ಕೆಲವು ಮೀಟರುಗಳ ಹಿಂದೆ ತಿದ್ದುವ ಸಣ್ಣ ತಿರುಪು ಇರುತ್ತದೆ.

6. ರೀಡಿಂಗ್ ಓದುವುದು

ರೀಡಿಂಗ್ ಮೂರು ಸ್ಥಿತಿಯಲ್ಲಿ ಬೇರೆಬೇರೆ. ಇದನ್ನು ತಿಳಿಯದೆ ಓದಿದರೆ ಮೀಟರ್ ಇದ್ದೂ ಪ್ರಯೋಜನವಿಲ್ಲ.

ವಿಶ್ರಾಂತಿಯಲ್ಲಿ (ಚಾರ್ಜೂ ಇಲ್ಲ, ಕೆಲಸವೂ ಇಲ್ಲ, ಕೆಲವು ಗಂಟೆ ಕಳೆದ ಮೇಲೆ):
12.6 ರಿಂದ 12.7 – ಪೂರ್ತಿ ತುಂಬಿದೆ
12.4 – ಮುಕ್ಕಾಲು
12.2 – ಅರ್ಧ
12.0 – ಕಾಲು
11.8 ಮತ್ತು ಕೆಳಗೆ – ಖಾಲಿ

ಇದು ವಾಹನ ಮತ್ತು ಜನರೇಟರಿನ ಸಾಮಾನ್ಯ ಬ್ಯಾಟರಿಗಳ ಪಟ್ಟಿ. ಇನ್ವರ್ಟರಿನ ಉದ್ದನೆಯ ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ಆಮ್ಲ ಸ್ವಲ್ಪ ತೆಳುವಾಗಿರುವುದರಿಂದ ಪೂರ್ತಿ ತುಂಬಿದಾಗಲೂ 12.5ರ ಆಸುಪಾಸು ಇರುತ್ತದೆ. ನೀರು ಹಾಕುವ ಅಗತ್ಯವಿಲ್ಲದ ಸೀಲ್ ಮಾಡಿದ ಬ್ಯಾಟರಿಗಳಲ್ಲಿ 12.8ರವರೆಗೂ ಬರಬಹುದು. ಆದುದರಿಂದ ಬ್ಯಾಟರಿ ಹೊಸದಾಗಿ ಬಂದಾಗಲೇ ಪೂರ್ತಿ ಚಾರ್ಜ್ ಮಾಡಿ, ವಿಶ್ರಾಂತಿ ಕೊಟ್ಟು, ಬಂದ ಅಂಕಿಯನ್ನು ಅದರ ಮೈಮೇಲೆ ಬರೆದಿಡಿ. ಅದೇ ಆ ಬ್ಯಾಟರಿಯ ಮೂಲ ಅಳತೆ. ಲಿಥಿಯಂ ಬ್ಯಾಟರಿ ಇದ್ದರೆ ಈ ಪಟ್ಟಿ ನಡೆಯುವುದಿಲ್ಲ. ಅದು ಬಹುಪಾಲು ಖಾಲಿಯಾಗುವವರೆಗೂ 13ರ ಹತ್ತಿರವೇ ನಿಂತಿರುತ್ತದೆ.

ಚಾರ್ಜ್ ಆಗುವಾಗ: 13.5ರಿಂದ 14.4ರ ನಡುವೆ ಇರುವುದು ಸಾಮಾನ್ಯ.

ಕೆಲಸ ಮಾಡುವಾಗ: ಕರೆಂಟ್ ಹೋಗಿ ಯಂತ್ರಗಳು ಬ್ಯಾಟರಿಯ ಮೇಲೆ ನಡೆಯುವಾಗ ಅಂಕಿ ಕೂಡಲೇ ಸ್ವಲ್ಪ ಇಳಿದು, ಮುಂದೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಸುಮಾರು 11.5ಕ್ಕೆ ಬಂದಾಗ ಫ್ಯಾನು, ಹೆಚ್ಚಿನ ದೀಪ ಆರಿಸಿ, ಹಾಲಿನ ಪರೀಕ್ಷೆಗೆ ಮಾತ್ರ ಉಳಿಸಿಕೊಳ್ಳಿ. 10.5ರ ಹತ್ತಿರ ಬಂದರೆ ಇನ್ವರ್ಟರ್ ತಾನಾಗಿಯೇ ಆರುತ್ತದೆ. ಅಲ್ಲಿಯವರೆಗೆ ಪದೇಪದೇ ಎಳೆದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ದಿನಗಟ್ಟಲೆ ಬಿಡುವುದು ಅದಕ್ಕಿಂತ ಕೆಟ್ಟದ್ದು. ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ತುಂಬುವುದಿಲ್ಲ. ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ 24 ವೋಲ್ಟಿನ ಇನ್ವರ್ಟರಿಗೆ ಮೇಲಿನ ಎಲ್ಲ ಅಂಕಿಗಳನ್ನೂ ಎರಡರಿಂದ ಗುಣಿಸಿ.

7. ಬ್ಯಾಟರಿ ಪುಸ್ತಕ

ಮೀಟರ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಸುವಿನ ಹಾಲಿನ ಇಳುವರಿಯನ್ನು ದಿನವೂ ಬರೆದರೆ ಮಾತ್ರ ಇಳಿಮುಖ ಗೊತ್ತಾಗುವಂತೆ, ಬ್ಯಾಟರಿಯ ಅಂಕಿಯನ್ನೂ ಬರೆಯಬೇಕು. ಹಾಲು ಪರೀಕ್ಷಕರ ಮೇಜಿನಲ್ಲಿ ಒಂದು ನೋಟ್ ಪುಸ್ತಕ ಇಡಿ.

ದಿನವೂ: ಕರೆಂಟ್ ಇರುವಾಗ ಒಂದು ರೀಡಿಂಗ್. ಕರೆಂಟ್ ಹೋಗಿ ಅರ್ಧ ಗಂಟೆಯಾದಾಗ ಒಂದು ರೀಡಿಂಗ್.

ತಿಂಗಳಿಗೊಮ್ಮೆ: ಸಂಜೆಯ ಸಂಗ್ರಹಣೆ ಮುಗಿದು ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಇನ್ವರ್ಟರ್ ಮತ್ತು ಚಾರ್ಜ್ ಎರಡನ್ನೂ ಆರಿಸಿ, ಮರುದಿನ ಬೆಳಗ್ಗೆ ಹಚ್ಚುವ ಮೊದಲು ವಿಶ್ರಾಂತಿಯ ರೀಡಿಂಗ್ ತೆಗೆದುಕೊಳ್ಳಿ. ಆಮೇಲೆ ಕರೆಂಟ್ ಇದ್ದರೂ ಅರ್ಧ ಗಂಟೆ ಬ್ಯಾಟರಿಯ ಮೇಲೆಯೇ ಯಂತ್ರಗಳನ್ನು ನಡೆಸಿ, ಕೊನೆಯ ರೀಡಿಂಗ್ ಬರೆಯಿರಿ.

ಉದಾಹರಣೆಗೆ, ಅಷ್ಟೇ ಯಂತ್ರ, ಅಷ್ಟೇ ಹೊತ್ತು ನಡೆಸಿದಾಗ ಒಂದು ಪುಸ್ತಕದಲ್ಲಿ ಹೀಗೆ ಬಂದಿದೆ ಎಂದುಕೊಳ್ಳಿ: ಜೂನ್ 12.2, ಜುಲೈ 12.1, ಆಗಸ್ಟ್ 11.9, ಸೆಪ್ಟೆಂಬರ್ 11.6. ಈ ನಾಲ್ಕು ತಿಂಗಳಲ್ಲಿ ಒಂದು ದಿನವೂ ಯಂತ್ರ ನಿಂತಿಲ್ಲ. ಯಾರಿಗೂ ದೂರಿಲ್ಲ. ಆದರೂ ಇಳಿತದ ವೇಗ ಹೆಚ್ಚುತ್ತಿದೆ ಎಂದು ಪುಸ್ತಕ ಹೇಳುತ್ತಿದೆ. ಆಗಸ್ಟ್‌ನಲ್ಲೇ ನೀರಿನ ಮಟ್ಟ, ಟರ್ಮಿನಲ್, ಚಾರ್ಜರ್ ನೋಡಿಸಿದರೆ ಬ್ಯಾಟರಿ ಉಳಿಯಬಹುದು. ಉಳಿಯದಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಇಟ್ಟು, ದರ ವಿಚಾರಿಸಿ, ಸಮಾಧಾನವಾಗಿ ಹೊಸದನ್ನು ತರಬಹುದು. ವಾರಂಟಿ ಅವಧಿ ಇನ್ನೂ ಇದ್ದರೆ ದಿನಾಂಕ ಸಹಿತ ಬರೆದ ಈ ಪುಸ್ತಕ ಅಂಗಡಿಯವರೊಂದಿಗೆ ಮಾತನಾಡಲು ಬಲ ಕೊಡುತ್ತದೆ.

8. ಶೀತಲೀಕರಣ ಘಟಕದ ಜನರೇಟರ್

ಬಿ.ಎಂ.ಸಿ. ಇರುವ ಸಂಘಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತರುವ ಯಂತ್ರವನ್ನು ಸಣ್ಣ ಬ್ಯಾಟರಿ ನಡೆಸಲಾರದು, ಅದಕ್ಕೆ ಡೀಸೆಲ್ ಜನರೇಟರ್ ಇರುತ್ತದೆ. ಆದರೆ ಆ ಜನರೇಟರಿಗೆ ಸೆಲ್ಫ್ ಹೊಡೆಯಲು ಬೇಕಾದ್ದು ಒಂದು ಬ್ಯಾಟರಿಯೇ. ಟ್ಯಾಂಕಿನ ತುಂಬ ಹಾಲು, ಟ್ಯಾಂಕಿನ ತುಂಬ ಡೀಸೆಲ್ ಇದ್ದರೂ ಬ್ಯಾಟರಿ ಸತ್ತಿದ್ದರೆ ಎರಡೂ ವ್ಯರ್ಥ. ಬಿ.ಎಂ.ಸಿ.ಯಲ್ಲಿ ಎಲ್ಲರ ಹಾಲೂ ಒಂದೇ ಟ್ಯಾಂಕಿನಲ್ಲಿ ಸೇರಿರುವುದರಿಂದ ಕೆಟ್ಟರೆ ಒಬ್ಬರದಲ್ಲ, ಎಲ್ಲರದೂ ಕೆಡುತ್ತದೆ.

ಜನರೇಟರ್ ಬ್ಯಾಟರಿ ಸುಮ್ಮನೆ ಕುಳಿತಿದ್ದರೂ ತಾನಾಗಿಯೇ ಸ್ವಲ್ಪಸ್ವಲ್ಪ ಇಳಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಇದಕ್ಕೂ ಒಂದು ಮೀಟರ್ ಹಾಕಿ, ಮೂರು ಅಂಕಿಗಳನ್ನು ವಾರಕ್ಕೊಮ್ಮೆ ನೋಡಿ. ನಿಂತಿರುವಾಗ 12.4ಕ್ಕಿಂತ ಕಡಿಮೆ ಇರಬಾರದು. ಸೆಲ್ಫ್ ಹೊಡೆಯುವ ಕ್ಷಣದಲ್ಲಿ 10ರ ಕೆಳಗೆ ಕುಸಿಯುತ್ತಿದ್ದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಇಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಬರದಿದ್ದರೆ ಇಂಜಿನ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ, ಬೆಲ್ಟ್ ಮತ್ತು ಡೈನಮೋ ನೋಡಿಸಿ. 24 ವೋಲ್ಟಿನ ಜನರೇಟರಾದರೆ ಇವನ್ನೂ ಎರಡರಿಂದ ಗುಣಿಸಿ.

9. ಅಂಕಿ ಹೇಳುವ ರೋಗಗಳು

ಹಸುವಿನ ಜ್ವರ ನೋಡಿ ಡಾಕ್ಟರು ರೋಗ ಊಹಿಸುವಂತೆ, ಅಂಕಿ ನೋಡಿ ದೋಷ ಊಹಿಸಬಹುದು.

ಕರೆಂಟ್ ಬಂದು ಗಂಟೆಗಳಾದರೂ 12.4ರಲ್ಲೇ ನಿಂತಿದೆ – ಚಾರ್ಜ್ ಆಗುತ್ತಿಲ್ಲ. ಪ್ಲಗ್, ಫ್ಯೂಸ್, ಚಾರ್ಜರ್ ನೋಡಿಸಿ.

ಚಾರ್ಜಿನಲ್ಲಿ 15 ದಾಟುತ್ತಿದೆ – ಹೆಚ್ಚು ಚಾರ್ಜ್ ಆಗುತ್ತಿದೆ. ನೀರು ಬೇಗ ಬತ್ತುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ. ಕೂಡಲೇ ಮೆಕ್ಯಾನಿಕ್‌ಗೆ ತಿಳಿಸಿ.

ವಿಶ್ರಾಂತಿಯಲ್ಲಿ 12.6 ಇದೆ, ಕೆಲಸ ಕೊಟ್ಟ ಕೆಲವೇ ನಿಮಿಷದಲ್ಲಿ 11.5ರ ಕೆಳಗೆ ಬರುತ್ತದೆ – ಬ್ಯಾಟರಿಯ ಹಿಡಿತ ಹೋಗಿದೆ ಅಥವಾ ಜೋಡಣೆ ಕೆಟ್ಟಿದೆ. ಮೊದಲು ಟರ್ಮಿನಲ್ ಶುಚಿಮಾಡಿ ಬಿಗಿಮಾಡಿ, ಮತ್ತೆ ನೋಡಿ.

ಎಷ್ಟು ಚಾರ್ಜ್ ಮಾಡಿದರೂ ವಿಶ್ರಾಂತಿಯಲ್ಲಿ 10.5ರ ಹತ್ತಿರ – ಒಂದು ಸೆಲ್ ಸತ್ತಿದೆ. ಆರು ಸೆಲ್ಲಿನಲ್ಲಿ ಒಂದರ 2.1 ಕಳೆದರೆ ಉಳಿಯುವುದು ಇಷ್ಟೇ.

ಎರಡು ಬ್ಯಾಟರಿಗಳಲ್ಲಿ ಒಂದು 12.6, ಇನ್ನೊಂದು 12.1 – ಎರಡನೆಯದು ಸೊರಗಿದೆ. ಹಳೆಯದರ ಜೊತೆಗೆ ಒಂದೇ ಒಂದು ಹೊಸದನ್ನು ಜೋಡಿಸಬೇಡಿ. ಮುದಿ ಎತ್ತಿನ ಜೊತೆ ಎಳೆಯ ಎತ್ತನ್ನು ನೊಗಕ್ಕೆ ಕಟ್ಟಿದಂತೆ ಎರಡೂ ಹಾಳಾಗುತ್ತವೆ.

10. ಸದಸ್ಯರ ಪಾಲು

ಇದೆಲ್ಲ ಕಾರ್ಯದರ್ಶಿಗಳ ಕೆಲಸ, ನಮಗೇಕೆ ಎಂದು ತಿಳಿಯಬೇಡಿ. ಹತ್ತು ಸಾವಿರಕ್ಕೂ ಮೀರಿದ ಬೆಲೆಯ ಬ್ಯಾಟರಿಯನ್ನು ತಂದದ್ದು ನಿಮ್ಮ ಹಾಲಿನ ಹಣದಿಂದ. ಅದು ಅಕಾಲದಲ್ಲಿ ಹಾಳಾದರೆ ಆ ಮೊತ್ತ ಸಂಘದ ಲಾಭದಿಂದ, ಎಂದರೆ ನಿಮ್ಮ ಬೋನಸ್ಸಿನಿಂದ ಹೋಗುತ್ತದೆ. ಹಾಲು ಹಾಕಲು ಹೋದಾಗ ಮೀಟರಿನ ಗುಂಡಿ ಒತ್ತಿ ನೋಡಿ. ಬ್ಯಾಟರಿ ಪುಸ್ತಕ ತೋರಿಸಿ ಎಂದು ವಿನಯದಿಂದ ಕೇಳಿ. ಕೇಳುವವರಿದ್ದರೆ ಬರೆಯುವವರಿಗೂ ಉತ್ಸಾಹ ಬರುತ್ತದೆ. ನಿಮ್ಮ ಸಂಘದಲ್ಲಿ ಇನ್ನೂ ಮೀಟರ್ ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ವಿಷಯ ಎತ್ತಿ.

ಮನೆಯಲ್ಲಿಯೂ ಇದು ಉಪಯೋಗಕ್ಕೆ ಬರುತ್ತದೆ. ಕೊಟ್ಟಿಗೆಯ ಸೌರ ದೀಪ, ಹಾಲು ಕರೆಯುವ ಯಂತ್ರದ ಇನ್ವರ್ಟರ್, ಟ್ರ್ಯಾಕ್ಟರ್ ಎಲ್ಲದರಲ್ಲಿಯೂ ಇದೇ ಜಾತಿಯ ಬ್ಯಾಟರಿ, ಇದೇ ಅಂಕಿಗಳು. ಸೀಲ್ ಮಾಡಿದ ಮತ್ತು ಲಿಥಿಯಂ ಬ್ಯಾಟರಿಗಳಿಗೆ ಮಾತ್ರ ಮೇಲೆ ಹೇಳಿದ ವ್ಯತ್ಯಾಸ ನೆನಪಿಡಿ. ಯಂತ್ರದಿಂದ ಹಾಲು ಕರೆಯುವವರಿಗೆ ಹಸುವಿನ ಮುಂದೆ ಕುಳಿತ ಮೇಲೆ ಯಂತ್ರ ನಿಲ್ಲುವುದು ಎಷ್ಟು ಕಷ್ಟ ಎಂಬುದು ಗೊತ್ತಿದೆ. ಕುಳಿತುಕೊಳ್ಳುವ ಮೊದಲು ಒಮ್ಮೆ ಗುಂಡಿ ಒತ್ತಿದರೆ ಸಾಕು.

ಪಾಠದ ಪ್ರಶ್ನೆಗಳು

1. ವಿಶ್ರಾಂತಿಯಲ್ಲಿರುವ ಜನರೇಟರ್ ಬ್ಯಾಟರಿ 12.0 ತೋರಿಸಿದರೆ ಅದರಲ್ಲಿ ಎಷ್ಟು ಉಳಿದಿದೆ?
2. ಫ್ಯೂಸ್ ಬ್ಯಾಟರಿಯ ಹತ್ತಿರವೇ ಏಕೆ ಇರಬೇಕು?
3. ಚಾರ್ಜ್ ಆಗುತ್ತಿರುವಾಗ 13.8 ಇದೆ. ಬ್ಯಾಟರಿ ಚೆನ್ನಾಗಿದೆ ಎಂದು ಹೇಳಬಹುದೇ?
4. ನೀರಿನ ಮಟ್ಟ ಇಳಿದಿದೆ. ಏನು ಹಾಕಬೇಕು?

ಉತ್ತರಗಳು: 1. ಸುಮಾರು ಕಾಲು ಭಾಗ. 2. ತಂತಿ ಎಲ್ಲಿ ಶಾರ್ಟ್ ಆದರೂ ಫ್ಯೂಸ್ ಹೋಗಿ ಬೆಂಕಿ ತಪ್ಪುತ್ತದೆ. 3. ಹೇಳಲಾಗದು. ಚಾರ್ಜರ್ ಕೆಲಸ ಮಾಡುತ್ತಿದೆ ಎಂದು ಮಾತ್ರ ಗೊತ್ತಾಗುತ್ತದೆ. ಬ್ಯಾಟರಿಯ ಸ್ಥಿತಿಗೆ ವಿಶ್ರಾಂತಿಯ ಮತ್ತು ಕೆಲಸದ ರೀಡಿಂಗ್ ನೋಡಬೇಕು. 4. ಡಿಸ್ಟಿಲ್ಡ್ ವಾಟರ್ ಮಾತ್ರ. ಆಮ್ಲವಾಗಲಿ ಬಾವಿಯ ನೀರಾಗಲಿ ಸಲ್ಲದು.